ಬೂಟು ಬಿಚ್ಚಿಸಿದ ದನಿ

ಯಾರೋ ಕರೆದ ಹಾಗಾಯಿತು, ತಿರುಗಿ ನೋಡಿದರೆ ಯಾರೂ ಇರಲಿಲ್ಲ ಅನ್ನುವ ಕಥೆಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಕೇಳಿದಾಗಲೆಲ್ಲ ಹೇಳಿದವರ ಕಿವಿ ಪರೀಕ್ಷೆ ಮಾಡಿಸಬೇಕು ಅಂತ ಮನಸ್ಸಿನಲ್ಲೇ ಅಂದುಕೊಂಡಿದ್ದೇನೆ. ಒಂದೆರಡು ಸಲ ಬಾಯಿಬಿಟ್ಟು ಅಂದೂ ಬಿಟ್ಟು, ನೆಂಟರ ಮುನಿಸು ಕಟ್ಟಿಕೊಂಡಿದ್ದೇನೆ. ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಕಲ್ಲು, ಇಟ್ಟಿಗೆ, ಗಾರೆ ಇವುಗಳ ಜೊತೆ ಬದುಕುವವನಿಗೆ ಅಂಥ ಕಥೆಗಳು ಹತ್ತುವುದಿಲ್ಲ. ಈಗ ಇದನ್ನು ಬರೆಯಲು ಕೂತಾಗ ಆ ನೆಂಟರೆಲ್ಲ ಸಾಲಾಗಿ ಬಂದು ನಿಂತು ನಗುತ್ತಿರುವಂತೆ ಕಾಣುತ್ತದೆ. ನಗಲಿ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ. ಇದರ ಅರ್ಥ ಏನು ಅಂತ ಮಾತ್ರ ನನ್ನನ್ನು ಕೇಳಬೇಡಿ.

ಕೆಲವು ವರ್ಷಗಳ ಹಿಂದೆ ನಾನು ತಮಿಳುನಾಡಿನ ಒಂದು ವಿಶ್ವವಿದ್ಯಾಲಯದ ಸಂಶೋಧನಾ ಯೋಜನೆಯಲ್ಲಿ ಕೆಲಸಕ್ಕಿದ್ದೆ. ವಯಸ್ಸಾದವರು ಮನೆಯೊಳಗೇ ಎಲ್ಲೆಲ್ಲಿ ಜಾರಿ ಬೀಳುತ್ತಾರೆ, ಯಾಕೆ ಬೀಳುತ್ತಾರೆ, ಮನೆಯನ್ನು ಹೇಗೆ ಬದಲಾಯಿಸಿದರೆ ಬೀಳುವುದಿಲ್ಲ ಅನ್ನುವುದೇ ನಮ್ಮ ವಿಷಯ. ತಂಡದಲ್ಲಿ ಮುಖ್ಯವಾಗಿ ಇಬ್ಬರು. ಮನುಷ್ಯರನ್ನು ನೋಡಿಕೊಳ್ಳಲು ಒಬ್ಬ ಡಾಕ್ಟರ್ ಮೇಡಂ, ಗೋಡೆಗಳನ್ನು ನೋಡಿಕೊಳ್ಳಲು ನಾನು. ಮೇಡಂ ಮನೆಮಾತು ತಮಿಳು, ಆದರೆ ಆ ರಾಜ್ಯದೊಳಗೇ ಇದ್ದೂ ಕನ್ನಡ ಆಡುವ ತಾಳವಾಡಿ ಬೆಟ್ಟದ ಕಡೆ ಓಡಾಡಿ ಓಡಾಡಿ ಕನ್ನಡ ಕಲಿತಿದ್ದರು. ನಾನು ಚಾಮರಾಜನಗರದವನು. ತಾಳವಾಡಿಗೆ ನನ್ನನ್ನು ಆರಿಸಿದ್ದೇ ಭಾಷೆ ಬರುತ್ತದೆ ಅಂತ. ಗೋಡೆಗಳ ಬಗ್ಗೆ ನನಗೆಷ್ಟು ಗೊತ್ತು ಅನ್ನುವುದು ಆಮೇಲೆ ಎಲ್ಲರಿಗೂ ಗೊತ್ತಾಯಿತು.

ತಾಳವಾಡಿ ಹತ್ತಿರದ ತಿಗನಾರೆಯಲ್ಲಿ ಗುರುಮಲ್ಲಮ್ಮ ಅನ್ನುವ ಅಜ್ಜಿಯ ಮನೆ ನಮ್ಮ ಪಟ್ಟಿಯಲ್ಲಿತ್ತು. ಅಜ್ಜಿಗೆ ಲಕ್ವ ಹೊಡೆದು ಮೂರು ವರ್ಷವಾಗಿತ್ತು. ಬಲಗೈ ಬಲಗಾಲು ಸೋತಿದ್ದವು, ಮಾತು ಪೂರ್ತಿ ನಿಂತುಹೋಗಿತ್ತು. ಮಗ ಮಾದಪ್ಪ ಬೆಳಿಗ್ಗೆಯೆಲ್ಲ ಹೊಲದಲ್ಲಿ, ರಾತ್ರಿ ಹೊಲಕ್ಕೆ ಹಂದಿ ನುಗ್ಗದಂತೆ ಕಾವಲು. ಅಜ್ಜಿಯನ್ನು ಎತ್ತುವುದು, ಕೂರಿಸುವುದು, ಉಣಿಸುವುದು ಎಲ್ಲ ಸೊಸೆ ಶಿವಮ್ಮನ ಪಾಲಿಗೆ. ಮಂಚದ ಪಕ್ಕದ ಗೋಡೆಗೆ ಒಂದು ಗಟ್ಟಿಯಾದ ಹಿಡಿಕಂಬಿ ಹಾಕಿದರೆ ಅಜ್ಜಿ ಎಡಗೈಯಲ್ಲಿ ಹಿಡಿದು ತಾನೇ ಎದ್ದು ಕೂರಬಹುದು ಅಂತ ಮೇಡಂ ಹೇಳಿದರು.

ಗೋಡೆ ತಡೆಯುತ್ತದೆಯೇ ಅಂತ ನೋಡುವುದು ನನ್ನ ಕೆಲಸ. ನಮ್ಮಲ್ಲಿ ಒಂದು ಯಂತ್ರವಿತ್ತು. ಗೋಡೆಗೆ ಒತ್ತಿ ಹಿಡಿದರೆ ಅದರ ಬಲ ಎಷ್ಟು ಅಂತ ಅಂಕಿ ತೋರಿಸುತ್ತಿತ್ತು. ಒತ್ತಿದೆ. ಅಂಕಿ ಚೆನ್ನಾಗಿ ಬಂತು. ಗೋಡೆಗೆ ಸಿಮೆಂಟು ಗಾರೆ, ಮೇಲೆ ಹೊಸದಾಗಿ ನೀಲಿ ಸುಣ್ಣ. ನಾನು ಖುಷಿಯಿಂದ 'ಸುರಕ್ಷಿತ' ಅಂತ ಹಸಿರು ಚೀಟಿ ಅಂಟಿಸಿದೆ. ಅಜ್ಜಿ ಮಂಚದಲ್ಲಿ ಒರಗಿ ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಮೆಚ್ಚುಗೆ ಇದೆ ಅಂತ ನಾನು ಆವತ್ತು ಅಂದುಕೊಂಡೆ.

ಕಂಬಿ ಹಾಕುವ ಕೆಲಸಕ್ಕೆ ತಾಳವಾಡಿಯಲ್ಲಿ ನಮ್ಮ ಶಿಬಿರವಿದ್ದ ದಿನವನ್ನೇ ಆರಿಸಿಕೊಂಡೆ. ಡ್ರಿಲ್ಲಿನ ಸದ್ದು, ಧೂಳು ಅಜ್ಜಿಗೆ ಬೇಡ ಅಂತ. ಶಿಬಿರ ಅಂದರೆ ಒಂದು ಶಾಲೆಯ ಕೋಣೆ. ಅಲ್ಲಿ ಮೇಡಂ ಅಕ್ಕಪಕ್ಕದ ಹಳ್ಳಿಗಳ ಲಕ್ವ ಹೊಡೆದವರಿಗೆಲ್ಲ ಕೈಕಾಲಿನ ವ್ಯಾಯಾಮ ಮಾಡಿಸುತ್ತಿದ್ದರು. ಬೆಳಿಗ್ಗೆ ನಾನು ತಿಗನಾರೆ ಮುಟ್ಟುವ ಹೊತ್ತಿಗೆ ಶಿವಮ್ಮ ಅತ್ತೆಯನ್ನು ಆಟೋದಲ್ಲಿ ಕರೆದುಕೊಂಡು ಹೊರಟಾಗಿತ್ತು. ಮನೆಯಲ್ಲಿ ಮಾದಪ್ಪ ಒಬ್ಬನೇ ಇದ್ದ.

ಇಲ್ಲಿ ನನ್ನ ಬೂಟಿನ ವಿಷಯ ಹೇಳಬೇಕು. ಕಟ್ಟಡದ ಕೆಲಸ ಮಾಡುವಾಗ ಸುರಕ್ಷತಾ ಬೂಟು ಹಾಕಲೇಬೇಕು ಅಂತ ಯೋಜನೆಯ ಮುಖ್ಯಸ್ಥರಾದ ನಮ್ಮ ಪ್ರೊಫೆಸರು ಕಟ್ಟಪ್ಪಣೆ ಮಾಡಿದ್ದರು. ಮುಂಭಾಗಕ್ಕೆ ಕಬ್ಬಿಣದ ತಗಡು ಇರುವ, ಕಾಲಿನ ಗೆಣ್ಣಿನ ಮೇಲೆ ಗೇಣುದ್ದ ಬರುವ ಬೂಟು. ಲಾಡಿ ಕಟ್ಟುವುದಕ್ಕೇ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಬೇಕು. ಮನೆಯೊಳಗೆ ಬೂಟು ಹಾಕಿಕೊಂಡು ಹೋಗುವುದು ನನಗೂ ಹಿಂಸೆಯೇ. ಹೊಸ್ತಿಲಲ್ಲಿ ನಿಂತು ಮಾದಪ್ಪನನ್ನು ಕೇಳಿದೆ.

"ಬನ್ನಿ ಸಾ, ಪರ್ವಾಗಿಲ್ಲ. ಅವ್ವ ಇಲ್ವಲ್ಲ," ಅಂದ.

ಅವ್ವ ಇಲ್ಲದಿರುವುದಕ್ಕೂ ಬೂಟಿಗೂ ಏನು ಸಂಬಂಧ ಅಂತ ನಾನು ಕೇಳಲಿಲ್ಲ. ಒಳಗೆ ಹೋದೆ. ಮಾದಪ್ಪ ಹಿತ್ತಲಲ್ಲಿ ದನಕ್ಕೆ ಹುಲ್ಲು ಹಾಕುತ್ತೇನೆ ಅಂತ ಹೋದ.

ಮಂಚದ ತುದಿಯಲ್ಲಿ ಕೂತು ಗುರುತು ಮಾಡಿಕೊಂಡು ಮೂರು ತೂತು ಕೊರೆದೆ. ನಾಲ್ಕನೆಯದಕ್ಕೆ ದಪ್ಪ ಮೊನೆ ಬೇಕಿತ್ತು. ಡ್ರಿಲ್ಲು ನಿಲ್ಲಿಸಿದೆ. ಕೋಣೆ ಪೂರ್ತಿ ನಿಶ್ಶಬ್ದವಾಯಿತು. ಆಗ ಬಾಗಿಲ ಕಡೆಯಿಂದ, ನನ್ನ ಬೆನ್ನ ಹಿಂದೆ ನಾಲ್ಕೈದು ಅಡಿ ದೂರದಲ್ಲಿ, ಒಂದು ಮುದುಕಿಯ ದನಿ ಕೇಳಿಸಿತು.

"ಎಕ್ಡ ಬುಟ್ಟು ಬಾರ್ಲಾ ಒಳಿಕ, ಬಡ್ಡೈದ."

ಎಕ್ಕಡ ಅಂದರೆ ಚಪ್ಪಲಿ. ಬಡ್ಡೈದ ಅನ್ನುವುದು ನಮ್ಮ ಕಡೆಯ ಬೈಗುಳ. ಸಿಟ್ಟಿಗೂ ಬಳಸುತ್ತಾರೆ, ಸಲುಗೆಗೂ ಬಳಸುತ್ತಾರೆ. ಇದು ಖಂಡಿತ ಸಿಟ್ಟಿನದಾಗಿತ್ತು. ನನಗೆ ಆಗ ನಲವತ್ತೆರಡು ವರ್ಷ, ತಲೆ ಮುಕ್ಕಾಲು ಬೋಳು. ಆದರೂ ಆ ದನಿಗೆ ಏಳು ವರ್ಷದ ಹುಡುಗನಂತೆ ದಡಕ್ಕನೆ ಎದ್ದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಯಾರೂ ಇರಲಿಲ್ಲ. ಯಾರೋ ಪಕ್ಕದ ಮನೆಯ ಅಜ್ಜಿ ಬೈದು ಮುಂದೆ ಹೋದಳು ಅಂದುಕೊಂಡೆ. ಹೆದರಿಕೆ ಏನೂ ಆಗಲಿಲ್ಲ, ನಾಚಿಕೆಯಾಯಿತು. "ಆಯ್ತು ಅಜ್ಜಿ, ಬಿಚ್ಚಿದೆ," ಅಂತ ಗಟ್ಟಿಯಾಗಿ ಹೇಳಿ, ಡ್ರಿಲ್ಲನ್ನು ಮಂಚದ ಮೇಲೇ ಇಟ್ಟು, ಆಚೆ ಬಂದು ಜಗಲಿಯ ಮೇಲೆ ಕೂತೆ. ಲಾಡಿಗೆ ಕೈ ಹಾಕಿದೆ.

ಎಡಗಾಲಿನ ಬೂಟು ಬಂತು. ಬಲಗಾಲಿನ ಲಾಡಿ ಗಂಟಾಗಿತ್ತು. ಅದನ್ನು ಹಲ್ಲು ಕಚ್ಚಿ ಎಳೆಯುತ್ತಿದ್ದಾಗ ಒಳಗೆ ಮೂಟೆ ಮೇಲಿಂದ ಕುಕ್ಕಿದಂಥ ಒಂದು ಸದ್ದಾಯಿತು. ಬಾಗಿಲಿನಿಂದ ನೀಲಿ ಧೂಳು ಮೋಡದಂತೆ ಬಂದು ನನ್ನ ಮುಖಕ್ಕೆ ಹೊಡೆಯಿತು.

ಧೂಳು ಅಡಗಿದ ಮೇಲೆ ಇಣುಕಿದೆ. ಗೋಡೆ ಸೊಂಟದ ಮಟ್ಟದಿಂದ ಮೇಲಕ್ಕೆ ಪೂರ್ತಿ ಮಂಚದ ಮೇಲೆ ಮಲಗಿತ್ತು. ನಾನು ಕೂತಿದ್ದ ತುದಿ ಮುರಿದಿತ್ತು. ಮಂಚದ ಪಕ್ಕ ಇಟ್ಟಿದ್ದ, ಗೋಡೆಯ ಬಲ ಅಳೆಯುವ ಯಂತ್ರ ಗೋಡೆಯ ಅಡಿಗೆ ಸಿಕ್ಕಿ ಪುಡಿಯಾಗಿತ್ತು. ಇಟ್ಟಿಗೆ ರಾಶಿಯ ತುದಿಯಲ್ಲಿ ನನ್ನ ಹಸಿರು ಚೀಟಿ ಮಾತ್ರ ಹರಿಯದೆ, ಮುದುರದೆ ಕೂತಿತ್ತು.

ಮಾದಪ್ಪ ಓಡಿ ಬಂದ. ನನ್ನ ಒಂದು ಕಾಲಿಗೆ ಬೂಟು, ಒಂದು ಕಾಲು ಬರಿದು, ಮೈಯೆಲ್ಲ ನೀಲಿ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಬದ್ಕಿದ್ದೀರಾ ಸಾ?"

"ಬದುಕಿದ್ದೇನೆ. ಈ ಗೋಡೆಗೆ ಮೊದಲು ಏನಾದರೂ ಆಗಿತ್ತಾ?"

ಅವನು ತಲೆ ಕೆರೆದುಕೊಂಡ. "ಏನೂ ಆಗಿರ್ನಿಲ್ಲ ಸಾ. ಓದೊರ್ಸ ಆನೆ ಬಂದಿತ್ತಲ್ಲ, ಆಗ ಒಸಿ ಒರಗಿತ್ತು ಅಷ್ಟೆ. ಬಿರ್ಕು ಬುಟ್ಟಿದ್ದ ಕಡೆಗೆಲ್ಲ ಗಾರೆ ಮೆತ್ತಿ ಸುಣ್ಣ ಒಡ್ದುಬುಟ್ಟೋ."

ನಮ್ಮ ಫಾರಂನಲ್ಲಿ ಗೆದ್ದಲು, ತೇವ, ಬಿರುಕು, ಭೂಕಂಪ ಎಲ್ಲಕ್ಕೂ ಜಾಗವಿತ್ತು, ಆನೆಗೆ ಇರಲಿಲ್ಲ. ನಾನು ಅಳೆದದ್ದು ಮೇಲಿನ ಗಾರೆಯ ಬಲವನ್ನು. ಒಳಗೆ ಇಟ್ಟಿಗೆಗಳು ಒಂದರ ಮೇಲೊಂದು ಸುಮ್ಮನೆ ಕೂತಿದ್ದವು. ಎಂದಾದರೂ ಬೀಳುವ ಗೋಡೆಯೇ. ಅದರ ಪಕ್ಕದಲ್ಲೇ ಅಜ್ಜಿ ಹಗಲೂ ರಾತ್ರಿ ಮಲಗುತ್ತಿದ್ದರು ಅನ್ನುವುದು ಆಗ ತಲೆಗೆ ಹೊಳೆಯಿತು. ಪ್ರೊಫೆಸರಿಗೆ ಫೋನ್ ಮಾಡಿ ಗೋಡೆ ಬಿತ್ತು ಅಂದೆ. "ನೀವು ಬೂಟು ಹಾಕಿದ್ದಿರಾ?" ಅಂತ ಅವರು ತಮಿಳಿನಲ್ಲಿ ಕೇಳಿದರು. ಒಂದು ಹಾಕಿದ್ದೇನೆ ಅಂದೆ.

ಮಾದಪ್ಪ ನೀರು ತಂದುಕೊಟ್ಟ. ನಾನು ಅವನಿಗೆ, "ಯಾವುದೋ ಅಜ್ಜಿ ಬೈದು ಎಬ್ಬಿಸದಿದ್ದರೆ ನಾನು ಅಲ್ಲೇ ಇರುತ್ತಿದ್ದೆ. ಅವರಿಗೆ ಕೈಮುಗಿಯಬೇಕು, ಯಾರು ಅಂತ ತೋರಿಸು," ಅಂದೆ. ಏನಂತ ಬೈದರು ಅಂತ ಕೇಳಿದ. ಇದ್ದದ್ದು ಇದ್ದ ಹಾಗೆ ಹೇಳಿದೆ.

"ಅದು ನಮ್ಮವ್ವನ ಮಾತು ಸಾ," ಅಂದ. "ಈ ಒಸ್ಲು ದಾಟ್ದವರ್ಗೆಲ್ಲ ಅಂಗೇ ಅಂತಿತ್ತು. ಕಂದಾಯ ಕೇಳಕ ಬಂದ ವಿಎಒಗೂ ಅಂಗೇ ಅಂದು, ಅವ್ನು ಆರು ತಿಂಗ್ಳು ಈ ಬೀದಿಗೇ ಬರ್ನಿಲ್ಲ."

"ಹಾಗಾದರೆ ಅಜ್ಜಿ ಬಂದುಬಿಟ್ಟರಾ?"

"ಎಲ್ ಬಂದದ ಸಾ? ತಾಳವಾಡಿಗ ಓಗ್ಯದ. ಅಲ್ದೆ ಅವ್ವ ಮಾತಾಡಿ ಮೂರೊರ್ಸ ಆಯ್ತಲ್ಲ."

ನಾನು ಎಂಜಿನಿಯರು. ಸುಮ್ಮನೆ ಬಿಡಲಿಲ್ಲ. ಇನ್ನೊಂದು ಬೂಟನ್ನೂ ಬಿಚ್ಚಿಟ್ಟು, ಬರಿಗಾಲಲ್ಲಿ ಬೀದಿಯ ಮನೆ ಮನೆಗೆ ಹೋಗಿ ಈಗ ನನ್ನನ್ನು ಬೈದವರು ಯಾರು ಅಂತ ವಿಚಾರಿಸಿದೆ. ನೀಲಿ ಬಳಿದುಕೊಂಡ ಒಬ್ಬ ಬೋಳುತಲೆಯವನು ಬಾಗಿಲಿಗೆ ಬಂದು, ನೀವು ನನ್ನನ್ನು ಬಡ್ಡೈದ ಅಂದಿರಾ ಅಂತ ಕೇಳಿದರೆ ಜನ ಏನು ಮಾಡಬೇಕು? ಎಡಗಡೆ ಮನೆಯಲ್ಲಿ ಬೀಗ, ಎಲ್ಲರೂ ಕೂಲಿಗೆ ಹೋಗಿದ್ದರು. ಬಲಗಡೆ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ಬಹಳ ಮೆದು ದನಿ. ನಾನು ಕೇಳಿದ್ದಕ್ಕೆ ನೊಂದುಕೊಂಡು, "ನಾ ಯಾರ್ನೂ ಬೈಯಾಕಿಲ್ಲ ಕಣಪ್ಪ. ನಿಂಗೆ ಬೇಕಾದ್ರೆ ಒಂದ್ಸಲ ಬೈತೀನಿ," ಅಂದರು. ಬೈಸಿಯೂ ನೋಡಿದೆ. ಆ ದನಿ ಇದಾಗಿರಲಿಲ್ಲ.

ಮಧ್ಯಾಹ್ನ ಶಿಬಿರದ ವ್ಯಾನಿನಲ್ಲಿ ಮೇಡಂ, ಶಿವಮ್ಮ, ಅಜ್ಜಿ ಮೂವರೂ ಬಂದರು. ಮನೆಯವರು ನನ್ನ ಮೇಲೆ ಹರಿಹಾಯುತ್ತಾರೆ ಅಂತ ಮುದುರಿ ಕೂತಿದ್ದೆ. ಶಿವಮ್ಮ ಮಂಚ ನೋಡಿದಳು, ಗೋಡೆ ನೋಡಿದಳು, ಕಣ್ಣೊರೆಸಿಕೊಂಡು ನನಗೆ ಕೈಮುಗಿದಳು. "ಅತ್ತೆ ಇಲ್ದಾಗ ಬೀಳುಸ್ಬುಟ್ರಲ್ಲ ಸಾ, ನೀವು ಚೆನ್ನಾಗಿರ್ಬೇಕು," ಅಂದಳು. ಒಬ್ಬರ ಮನೆಯ ಗೋಡೆ ಬೀಳಿಸಿ ಕಾಫಿ ಕುಡಿಸಿಕೊಂಡು ಬಂದ ಎಂಜಿನಿಯರು ನಾನೊಬ್ಬನೇ ಇರಬೇಕು. ಆಮೇಲೆ ನಮ್ಮ ಯೋಜನೆಯಿಂದಲೇ ಆ ಗೋಡೆಯನ್ನು ಅಡಿಪಾಯದಿಂದ ಕಟ್ಟಿಸಿಕೊಟ್ಟೆವು.

ದನಿಯ ವಿಷಯವನ್ನು ಮೇಡಂಗೆ ಹೇಳಿದೆ. ಅವರು ಮೊದಲು ನಕ್ಕರು. ಆಮೇಲೆ, "ಎಷ್ಟು ಗಂಟೆ?" ಅಂದರು. ಪ್ರೊಫೆಸರಿಗೆ ಫೋನ್ ಮಾಡಿದ್ದು ಹನ್ನೊಂದು ಇಪ್ಪತ್ತಕ್ಕೆ, ಅದಕ್ಕೆ ಸ್ವಲ್ಪ ಮೊದಲು ಅಂದೆ. ಮೇಡಂ ಚೀಲದಿಂದ ಅಜ್ಜಿಯ ದಾಖಲೆ ತೆಗೆದು ತೋರಿಸಿದರು. ಹನ್ನೊಂದೂ ಕಾಲಿಗೆ ರಕ್ತದೊತ್ತಡ ನೋಡಿ ಬರೆದಿದ್ದರು. ಕಾರಣ: ಇದ್ದಕ್ಕಿದ್ದಂತೆ ಸಿಟ್ಟು. ಅಜ್ಜಿ ಎಡಗೈಯಲ್ಲಿ ಜೇಡಿಮಣ್ಣಿನ ಉಂಡೆ ಉರುಳಿಸುತ್ತಿದ್ದವರು ಅದನ್ನು ಎಸೆದು, ಬಾಗಿಲ ಕಡೆ ದುರುಗುಟ್ಟಿಕೊಂಡು, ಮೇಜನ್ನು ಮೂರು ಸಲ ಗುದ್ದಿದರಂತೆ. ಒತ್ತಡವೇನೋ ಸರಿಯಾಗಿಯೇ ಇತ್ತು.

"ಎಕ್ಡ ಆಕ್ಕಂಡು ಬಂದವರ್ನ ನೋಡ್ದಂಗೇ ನೋಡ್ತಿತ್ತು," ಅಂದಳು ಶಿವಮ್ಮ. "ನಾನೂ ಬಾಗ್ಲ ಕಡೆ ತಿರುಗಿ ನೋಡ್ದಿ. ಅಲ್ಲಿ ಯಾರೂ ಇರ್ನಿಲ್ಲ."

ಪ್ರೊಫೆಸರು ಇದಕ್ಕೆಲ್ಲ ಒಂದು ವಿವರಣೆ ಕೊಟ್ಟರು. ಗೋಡೆಯಲ್ಲಿ ಬಿರುಕು ಬಿಡುವ ಸಣ್ಣ ಸದ್ದು ನನ್ನ ಕಿವಿಗೆ ಬಿದ್ದಿದೆ, ಮನಸ್ಸಿನಲ್ಲಿ ಬೂಟಿನ ಅಳುಕು ಇತ್ತು, ಎರಡೂ ಸೇರಿ ಮಾತಾಗಿ ಕೇಳಿಸಿದೆ. ಬಹಳ ಒಳ್ಳೆಯ ವಿವರಣೆ. ನಾನೂ ತುಂಬಾ ದಿನ ಅದನ್ನೇ ಹಿಡಿದುಕೊಂಡಿದ್ದೆ. ಆದರೆ ಅಜ್ಜಿ ಆಡುತ್ತಿದ್ದ ಮಾತನ್ನು, ಅವರ ಬಾಯಿಂದ ಒಮ್ಮೆಯೂ ಕೇಳಿರದ ನನ್ನ ಮನಸ್ಸು ಅಕ್ಷರಕ್ಕೆ ಅಕ್ಷರ ಎಲ್ಲಿಂದ ತಂದಿತು ಅನ್ನುವುದಕ್ಕೆ ಅದರಲ್ಲಿ ಉತ್ತರವಿಲ್ಲ. ಆ ಮಾತು ನಮ್ಮ ಸೀಮೆಯ ಯಾವ ಮುದುಕಿಯಾದರೂ ಆಡಬಹುದಾದದ್ದು ಅಂತ ಮೇಡಂ ಅಂದರು. ಅದೂ ನಿಜವೇ. ಹಾಗಾದರೆ ಹನ್ನೊಂದೂ ಕಾಲು? ಅಂತ ಕೇಳಿದೆ. ಅಜ್ಜಿಗೆ ಮೊದಲೂ ಒಂದೆರಡು ಸಲ ಹಾಗೆ ಸಿಟ್ಟು ಬಂದದ್ದುಂಟು ಅಂದರು.

ಕೊನೆಗೆ, ಗೋಡೆ ಕಟ್ಟಿದ ಮೇಲೆ ಒಂದು ದಿನ, ಅಜ್ಜಿಯನ್ನೇ ಕೇಳಿಬಿಡೋಣ ಅಂತ ಹೋದೆ. ಅಜ್ಜಿ ಜಗಲಿಯ ಬಿಸಿಲಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಅಜ್ಜಿ, ಆವತ್ತು ನನ್ನನ್ನು ಕರೆದದ್ದು ನೀವೇನಾ?" ಅಂದೆ.

ಅಜ್ಜಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಹೌದು ಅಂತ ತಲೆಯಾಡಿಸಿದರು.

ಒಳಗಿನಿಂದ ಶಿವಮ್ಮ, "ಅದ್ನ ನಂಬ್ಬ್ಯಾಡಿ ಸಾ. ಅತ್ತೆ ಎಲ್ಲಕ್ಕೂ ಊಂ ಅಂತ ತಲೆ ಆಡುಸ್ತಾರೆ. ಉಂಡ್ರಾ ಅಂದ್ರೂ ಊಂ, ಉಣ್ನಿಲ್ವಾ ಅಂದ್ರೂ ಊಂ," ಅಂದಳು.

ಪರೀಕ್ಷೆ ಮಾಡದೆ ಬಿಡುವವನೇ ನಾನು? "ಅಜ್ಜಿ, ಆವತ್ತು ಕರೆದದ್ದು ನೀವಲ್ಲ, ಅಲ್ವಾ?" ಅಂದೆ.

ಅಜ್ಜಿ ಮತ್ತೆ ಅದೇ ಗಾಂಭೀರ್ಯದಿಂದ ತಲೆಯಾಡಿಸಿದರು. ಆಮೇಲೆ ಬಾಯಿಯ ಎಡಭಾಗ ಒಂದರಲ್ಲೇ ನಕ್ಕರು. ನನ್ನ ಪೆದ್ದುತನಕ್ಕೆ ನಕ್ಕರೋ, ಬಿಸಿಲಿನ ಹಿತಕ್ಕೆ ನಕ್ಕರೋ ಹೇಳಲಾರೆ.

ಯೋಜನೆ ಮುಗಿದು ಬಹಳ ಕಾಲವಾಯಿತು. ಅಜ್ಜಿ ಇನ್ನೂ ಇದ್ದಾರೆ, ಒಂದೆರಡು ಹೆಜ್ಜೆ ಇಡುತ್ತಾರಂತೆ. ಆ ಕಡೆ ಹೋದಾಗ ನಾನು ತಪ್ಪದೆ ಅವರ ಮನೆಗೆ ಹೋಗುತ್ತೇನೆ, ಅವರ ಪಕ್ಕದಲ್ಲಿ ಕೂತು ಬರುತ್ತೇನೆ. ಪ್ರತಿಸಲವೂ ಇನ್ನೊಮ್ಮೆ ಕೇಳಬೇಕು ಅನಿಸುತ್ತದೆ. ಕೇಳಿದರೆ ಅಜ್ಜಿ ಊಂ ಅನ್ನುತ್ತಾರೆ, ಅಷ್ಟು ಗೊತ್ತು. ಏನಂತ ಕೇಳಬೇಕು ಅನ್ನುವುದೇ ನನಗೆ ಇವತ್ತಿಗೂ ತಿಳಿದಿಲ್ಲ.