ಬೆಳ್ಳಿ ಬಣ್ಣದ ವೀರಗಲ್ಲು

ನಗರದ ನಮ್ಮ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹೊಸ ಹೆಸರು, ಹೊಸ ಲಾಂಛನ ಬಂದ ವರ್ಷ ನಾನು ಇತಿಹಾಸ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಗೇಟಿನ ಕಮಾನಿನ ಮೇಲೆ ‘ತಂತ್ರಜ್ಞಾನವೇ ಧ್ಯೇಯ’ ಅಂತ ಝಗಝಗ ಅಕ್ಷರ. ಹೊಳೆಯಲಿ, ಯಾರು ಬೇಡ ಅಂದರು? ಆದರೆ ಅದರ ಬೆನ್ನಿಗೇ ಒಂದು ಸುತ್ತೋಲೆ ಬಂತು: ತಂತ್ರಜ್ಞಾನದ ಜೊತೆ ನಂಟು ತೋರಿಸಲಾಗದ ವಿಭಾಗಗಳಿಗೆ ಮುಂದಿನ ವರ್ಷದಿಂದ ಹೊಸ ವಿದ್ಯಾರ್ಥಿಗಳಿಲ್ಲ. ಅದನ್ನು ಮಧುಗಿರಿಗೆ ಹೋಗುವ ಬಸ್ಸಿನಲ್ಲಿ ಕೂತು ಓದಿದೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಕೊರಟಗೆರೆ ದಾಟುವವರೆಗೂ ಪಕ್ಕದ ಸೀಟಿನ ಹೆಂಗಸು ನನ್ನನ್ನು ಮಾತಾಡಿಸುವ ಧೈರ್ಯ ಮಾಡಲಿಲ್ಲ.

ನಮ್ಮಲ್ಲಿಗೆ ಬರುತ್ತಿದ್ದವರು ಶಿರಾ, ಪಾವಗಡ, ಕೊಡಿಗೇನಹಳ್ಳಿ, ಕೊಳಾಲದ ಕಡೆಯ ಮಕ್ಕಳು. ಬೆಳಗಿನ ಮೊದಲ ಬಸ್ಸು ಹಿಡಿದು, ತಲೆಗೂದಲು ಒಣಗುವ ಮೊದಲೇ ತರಗತಿಗೆ ಬಂದು ಕೂರುತ್ತಿದ್ದರು. ಅವರಿಗೆ ಪ್ರಾಣವಾಗಿದ್ದ ಪಾಠ ಒಂದೇ, ಶಾಸನದ ಪಡಿಯಚ್ಚು ತೆಗೆಯುವುದು. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಮೆಲ್ಲಗೆ ಬಡಿದು, ಮೇಲೆ ಮಸಿ ಒತ್ತಬೇಕು. ಕಪ್ಪು ಕಾಗದದ ಮೇಲೆ ಬೆಳ್ಳಗೆ ಅಕ್ಷರ ಎದ್ದಾಗ ಹುಡುಗಿಯರು ‘ಅಯ್ಯಯ್ಯೋ’ ಅಂತ ಕಿರುಚುತ್ತಿದ್ದರು. ಸಂಕ್ರಾಂತಿ ಕಳೆದ ಮೇಲೆ ಇಡೀ ತರಗತಿ ಒಂದು ಹಳ್ಳಿಗೆ ಹೋಗುವುದು, ಅದು ಯಾವ ವಿದ್ಯಾರ್ಥಿಯ ಊರೋ ಅವರ ಮನೆಯಲ್ಲೇ ಎಲ್ಲರ ಊಟ. ಇದು ನಮ್ಮ ಪದ್ಧತಿಯಾಗಿತ್ತು.

ಹಾಗೆ ಒಂದು ಸಲ ನಾಗಲಮಡಿಕೆಯ ಕಡೆಯ ಒಬ್ಬ ವಿದ್ಯಾರ್ಥಿನಿಯ ಊರಿಗೆ ಹೋಗಿದ್ದೆವು. ಅವಳ ಅಜ್ಜಿ ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಚಪ್ಪಡಿಯನ್ನು ಮಕ್ಕಳು ಸೇರಿ ಮಗುಚಿದರು. ಅದರ ಕೆಳಮೈಯಲ್ಲಿ ಕತ್ತಿ ಹಿಡಿದ ಒಬ್ಬ ಆಳಿನ ಕೆತ್ತನೆ, ಅವನ ಮೇಲೆ ಮೂರು ಸಾಲು ಅಕ್ಷರ. ಮೊಮ್ಮಗಳೇ ಓದಿ ಹೇಳಿದಳು: ಊರಿನ ದನಗಳನ್ನು ಕಳ್ಳರಿಂದ ಬಿಡಿಸಿಕೊಂಡು ಬಂದು ಸತ್ತವನ ಕಲ್ಲು ಇದು. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಅಯ್ಯೋ ನನ್ ಬಾಯ್ಗೆ ಮಣ್ ಆಕ! ದನ ಕಾಯ್ದ ಪುಣ್ಯಾತ್ಮನ ಬೆನ್ ಮ್ಯಾಲೆ ಇಷ್ಟ್ ದಿನ ಬಟ್ಟೆ ಒಗೆದ್ಬುಟ್ನಲ್ಲಮ್ಮ! ಹೆಸ್ರೇನಂತೆ ಅವಂದು?”

ಹೆಸರಿದ್ದ ಜಾಗ ಮಾತ್ರ ಸವೆದುಹೋಗಿತ್ತು. ಅಜ್ಜಿ ಕಲ್ಲನ್ನು ಬೇವಿನ ಮರದಡಿ ನಿಲ್ಲಿಸಿದರು. ಆಮೇಲೆ ಮೊಮ್ಮಗಳ ಓದು ಮುಗಿದರೂ ಅವರು ನಮ್ಮನ್ನು ಬಿಡಲಿಲ್ಲ. ಪ್ರತಿ ವರ್ಷ ಹೊಸ ತರಗತಿ ಅಲ್ಲಿಗೇ ಹೋಗಬೇಕು, ಅವರ ಕೈಯ ಮುದ್ದೆಯನ್ನೇ ಉಣ್ಣಬೇಕು. ಉಣ್ಣುವಾಗ ಅದೇ ಪ್ರಶ್ನೆ: “ಹೆಸ್ರು ಸಿಕ್ತೇನ್ ಮೇಡಮ್ಮ?”

ಸುತ್ತೋಲೆ ಬಂದ ಮೇಲೆ ನಾನು ವಿಶ್ವವಿದ್ಯಾಲಯದ ಹೊಸ ನಿರ್ದೇಶಕರ ಮುಂದೆ ಹೋಗಿ ಕೂಗಾಡಿದೆ. ಅವರು ಕೆಟ್ಟವರಲ್ಲ, ಅಜ್ಜಿಯ ಕಲ್ಲಿನ ಕಥೆಯನ್ನೂ ಪೂರ್ತಿ ಕೇಳಿಸಿಕೊಂಡರು. “ಸವೆದ ಅಕ್ಷರವನ್ನೂ ಹಿಡಿಯುವ ಸ್ಕ್ಯಾನರ್ ಬಂದಿದೆ ಮೇಡಂ. ಆ ಹೆಸರನ್ನು ಓದಿಸಿ ತೋರಿಸಿ. ಈ ವಾರದ ಸಭೆಯಲ್ಲಿ ನಿಮ್ಮ ವಿಭಾಗವನ್ನು ಉಳಿಸೋದು ನನ್ನ ಜವಾಬ್ದಾರಿ,” ಅಂದರು. ನಾನು ಹಿಗ್ಗಿ ಹೀರೇಕಾಯಿಯಾಗಿ ಅಜ್ಜಿಗೆ ಫೋನು ಮಾಡಿದೆ: ದೊಡ್ಡವರು ಮಿಷಿನ್ನು ತರುತ್ತಿದ್ದಾರೆ, ಈ ಸಲ ಹೆಸರು ಸಿಕ್ಕೇ ಸಿಗುತ್ತದೆ.

ನಿರ್ದೇಶಕರೂ ನಾನೂ ಯಂತ್ರದ ಜೊತೆ ಹೋದ ಜೀಪು ಬೇವಿನ ಮರದ ಹತ್ತಿರ ನಿಂತಿತು. ಕಲ್ಲಿಗೆ ಮೇಲಿನಿಂದ ಕೆಳಗಿನವರೆಗೆ ಬೆಳ್ಳಿ ಬಣ್ಣ! ಗೇಟಿಗೆ, ಗೋದ್ರೆಜ್ ಬೀರುವಿಗೆ ಹೊಡೆಯುತ್ತಾರಲ್ಲ, ಅದೇ ಬಣ್ಣ. ಅಕ್ಷರದ ಗುಳಿಗಳೆಲ್ಲ ತುಂಬಿ ನುಣ್ಣಗಾಗಿದ್ದವು. ಅಜ್ಜಿ ಹೊಸ ಸೀರೆ ಉಟ್ಟು, ಚೆಂಡುಹೂವಿನ ಹಾರ ಹಿಡಿದು ನಿಂತಿದ್ದರು.

“ದೊಡ್ಡೋರು ಬತ್ತಾರೆ ಅಂದ್ರಲ್ಲ, ಎಲ್ಡು ಕೋಟು ಹೊಡ್ಸಿದೀನಿ ಕಣಮ್ಮ. ಬಾಗುಂದಾ? ಚೆಂದಾಗೈತಾ?”

ಬೈಯಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಆ ಕಲ್ಲು ಬರೀ ಕಲ್ಲಲ್ಲ ಅಂತ ಅವರಿಗೆ ಹೇಳಿಕೊಟ್ಟವರು ನಾವೇ ತಾನೇ? “ತುಂಬಾ ಚೆನ್ನಾಗಿದೆ ಅಜ್ಜಿ,” ಅಂದೆ. ಯಂತ್ರ ಹಿಡಿದಲ್ಲೆಲ್ಲ ಬಣ್ಣ ಫಳಫಳ ಹೊಳೆದು, ಪರದೆಯ ಮೇಲೆ ಬರೀ ತೂತುಗಳು ಕಂಡವು. ಕೆರೆದರೆ ಉಳಿದ ಅಕ್ಷರವೂ ಹೋದೀತೆಂದು ನಾನೇ ಬೇಡವೆಂದೆ. ನಿರ್ದೇಶಕರು ಮುದ್ದೆ ಉಂಡು, ಅಜ್ಜಿಗೆ ಕೈಮುಗಿದು ಜೀಪು ಹತ್ತಿದರು. “ಸಭೆಯಲ್ಲಿ ಏನು ತೋರಿಸಲಿ ಮೇಡಂ?” ಅಂತ ಮಡಕಶಿರಾ ರಸ್ತೆಯಲ್ಲಿ ಕೇಳಿದರು.

ಮುಂದಿನ ವರ್ಷ ವಿಭಾಗಕ್ಕೆ ಹೊಸ ಮಕ್ಕಳು ಬರಲಿಲ್ಲ. ಬೋರ್ಡನ್ನೂ ಬಿಚ್ಚಿದರು. ಅಷ್ಟರಲ್ಲಿ ನನಗೂ ನಿವೃತ್ತಿಯಾಯಿತು. ಅಜ್ಜಿಗೆ ಫೋನಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಮಾಮೂಲಿ ದಿನ ಒಬ್ಬಳೇ ಬಸ್ಸಿಳಿದು ಅವರ ಮನೆಗೆ ಹೋದೆ. ಅಜ್ಜಿ ನನ್ನ ಬೆನ್ನ ಹಿಂದೆ ಇಣುಕಿದರು.

“ಮಕ್ಳು ಇನ್ನೊಂದ್ ಬಸ್ಸಿಗ್ ಬತ್ತಾರಾ?”

ಒಲೆಯ ಮೇಲೆ ಇಡೀ ತರಗತಿಗಾಗುವಷ್ಟು ಅವರೆಕಾಳು ಸಾರು ಕುದಿಯುತ್ತಿತ್ತು. “ಇನ್ನು ಬರಲ್ಲ ಅಜ್ಜಿ, ಆ ಪಾಠ ನಿಲ್ಲಿಸಿಬಿಟ್ಟರು,” ಅಂದೆ. ಅವರು ಸಾರಿನಲ್ಲಿ ಸೌಟು ತಿರುಗಿಸಿದರು. ಆಮೇಲೆ ನನ್ನ ಮುಖ ನೋಡದೆ ಕೇಳಿದರು:

“ನಾನ್ ಬಣ್ಣ ಹೊಡ್ಸಿದ್ಕಾ?”

“ಅಲ್ಲ ಅಜ್ಜಿ, ದೇವರಾಣೆ ಅಲ್ಲ,” ಅಂದೆ. ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಲ್ಲೇ ಒಲೆಯ ಮುಂದೆ ಕೂತು ಅತ್ತೆ.

ಅಜ್ಜಿ ಅಳಲಿಲ್ಲ. ಹಿತ್ತಲಿಗೆ ಹೋಗಿ, ಕಣದಲ್ಲಿ ತೊಗರಿ ಬಡಿಯುತ್ತಿದ್ದ ಹೆಂಗಸರನ್ನೆಲ್ಲ ಕೂಗಿ ಕರೆದರು. ಮಕ್ಕಳಿಗೆಂದು ಮಾಡಿದ್ದನ್ನು ಅವರಿಗೆ ಬಡಿಸಿದರು. ಉಂಡಾದ ಮೇಲೆ ಬೇವಿನ ಮರದಡಿ ಎಲ್ಲರನ್ನೂ ಸಾಲಾಗಿ ಕೂರಿಸಿ ನನ್ನ ಕಡೆ ತಿರುಗಿದರು. “ಓದಮ್ಮ. ಇವ್ರೂ ಕೇಳ್ಲಿ.”

ಬೆಳ್ಳಿ ಬಣ್ಣದಡಿ ಒಂದಕ್ಷರವೂ ಕಾಣುತ್ತಿರಲಿಲ್ಲ. ವರ್ಷ ವರ್ಷ ಓದಿದ್ದು ಬಾಯಿಗೆ ಬರುತ್ತಿತ್ತು, ಹೇಳುತ್ತಾ ಹೋದೆ. ಹೆಸರಿನ ಜಾಗ ಬಂದಾಗ ಎಂದಿನಂತೆ ನಿಂತೆ. ಹೆಂಗಸರಲ್ಲೊಬ್ಬಳು “ಯಾರಂತೆ ಅವ್ನು?” ಅಂದಳು. ನನಗಿಂತ ಮೊದಲು ಅಜ್ಜಿಯೇ ಉತ್ತರ ಕೊಟ್ಟರು.

“ಇನ್ನೂ ಸಿಕ್ಕಿಲ್ಲ ಕಣಮ್ಮ. ಮೇಡಮ್ಮೋರು ಹುಡುಕ್ತಾವ್ರೆ.”