ನೇರ ವಿಮಾನ ನಿಂತ ಮೇಲೆ

ಶ್ರೀನಿವಾಸಪುರದ ಹೊರಗೆ, ಮುಳಬಾಗಿಲು ರಸ್ತೆಯಲ್ಲಿ ನಮ್ಮ ಅತ್ತಿಗೆಯದೊಂದು ಬಿತ್ತನೆ ಕೋಠಿಯಿದೆ. ರೇಷ್ಮೆ ಚಿಟ್ಟೆಗಳಿಂದ ಮೊಟ್ಟೆ ಇಡಿಸಿ, ರೋಗವಿಲ್ಲವೆಂದು ಪರೀಕ್ಷಿಸಿ, ಹುಳು ಸಾಕುವವರಿಗೆ ಮಾರುವ ಕೆಲಸ. ಅಣ್ಣ ಶಾಲೆಯ ಮೇಷ್ಟ್ರು. ಕೋಠಿಯ ಯಜಮಾನಿಕೆಯೆಲ್ಲ ಅತ್ತಿಗೆಯದೇ. ಪ್ಯಾಕಿಂಗು, ಸಾಗಣೆ ನನ್ನ ಪಾಲಿಗೆ.

ನಮ್ಮ ಮೊಟ್ಟೆಯಲ್ಲಿ ಒಂದು ಭಾಗ ಈಶಾನ್ಯದ ಊರೊಂದಕ್ಕೆ ಹೋಗುತ್ತಿತ್ತು. ಅಲ್ಲಿ ಹೆಂಗಸರ ಸಂಘ ನಡೆಸುವ ಒಬ್ಬ ಮಹಿಳೆ ತರಿಸಿಕೊಳ್ಳುತ್ತಿದ್ದರು. ಬೆಳಿಗ್ಗೆ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಪೆಟ್ಟಿಗೆ ಮುಟ್ಟಿಸಿದರೆ ಸಂಜೆಯೊಳಗೆ ಅವರ ಕೈಯಲ್ಲಿರುತ್ತಿತ್ತು. ಎರಡನೇ ದಿನ ಮೊಟ್ಟೆ ಒಡೆದು ಹುಳು ಹೊರಬರುತ್ತಿತ್ತು.

ಹೋದ ವರ್ಷ ವಿಮಾನ ಕಂಪನಿಯವರು ಆ ನೇರ ವಿಮಾನವನ್ನು ಬೇರೆ ಮಾರ್ಗಕ್ಕೆ ಹಾಕಿದರು. ಇನ್ನು ನಡುವೆ ಒಂದು ಊರಿನಲ್ಲಿ ಇಳಿಸಿ ಇನ್ನೊಂದು ವಿಮಾನಕ್ಕೆ ಹತ್ತಿಸಬೇಕು, ಅಷ್ಟೇ ಎಂದರು ಸರಕಿನ ಕೌಂಟರಿನವರು. ಅತ್ತಿಗೆಗೆ ನಾನೂ ಹಾಗೆಯೇ ಹೇಳಿದೆ.

ಹಾಗೆ ಕಳಿಸಿದ ಮೊದಲ ಪೆಟ್ಟಿಗೆ ಮುಟ್ಟಲು ಎರಡು ದಿನ ಹಿಡಿಯಿತು. ನಡುವಿನ ಊರಿನಲ್ಲಿ ಎಷ್ಟು ಹೊತ್ತು ಬಿಸಿಲಿನಲ್ಲಿತ್ತೋ ತಿಳಿಯದು. ಸಂಘದಾಕೆ ಮುಚ್ಚಳ ತೆಗೆದಾಗ ಅರ್ಧದಷ್ಟು ಮೊಟ್ಟೆ ಒಡೆದು, ಎಲೆಯಿಲ್ಲದೆ ಹುಳು ಸತ್ತಿದ್ದವು. ಫೋನಿನಲ್ಲಿ ಅವರು ಬೈಯಲಿಲ್ಲ. ತಮ್ಮೂರಿಗೆ ಈಗ ಬೇರೊಂದು ರಾಜ್ಯದಿಂದ ನೇರ ವಿಮಾನ ಬರುತ್ತದೆ, ಅಲ್ಲಿಯೂ ಕೋಠಿಗಳಿವೆ ಎಂದು ಹಿಂದಿಯಲ್ಲಿ ಮೆಲ್ಲಗೆ ಹೇಳಿದರು.

ನಮ್ಮ ಮೊಟ್ಟೆ ಒಳ್ಳೆಯದು, ಅದಕ್ಕೇ ಅಷ್ಟು ದೂರದಿಂದ ಕೇಳುತ್ತಾರೆ ಎಂದು ನಾನು ಬೀಗಿಕೊಂಡು ತಿರುಗಿದ್ದೆ. ಅದರಲ್ಲಿ ಆ ಬೆಳಗಿನ ವಿಮಾನದ ಪಾಲೆಷ್ಟು ಎಂದು ಯೋಚಿಸಿದವನೇ ಅಲ್ಲ. ನಿಲ್ದಾಣ ಇದ್ದಲ್ಲೇ ಇತ್ತು, ನಮ್ಮ ರಸ್ತೆಯೂ ಇದ್ದಂತೆಯೇ ಇತ್ತು. ಯಾರೋ ಎಲ್ಲೋ ಕೂತು ವೇಳಾಪಟ್ಟಿ ತಿದ್ದಿದ್ದಕ್ಕೆ ನಮ್ಮೂರು ಅವರಿಗೆ ದೂರವಾಗಿಬಿಟ್ಟಿತ್ತು.

ಆ ಫೋನ್ ಬಂದ ಮೂರನೆಯ ದಿನ ಅತ್ತಿಗೆ ಚಿಟ್ಟೆಯ ತಟ್ಟೆಗಳನ್ನು ತೊಳೆಯುತ್ತಾ ಹೇಳಿದರು:

"ಇನ್ನೇನು ಒಡೆಯುತ್ತೆ ಅನ್ನೋವಾಗ ಯಾಕೋ ಕಳಿಸ್ಬೇಕು? ಇಟ್ಟ ಮೂರ್ನೇ ದಿನಕ್ಕೇ ಕಳಿಸೋಣ. ಕಾವು ಅಲ್ಲೇ ಕೊಡ್ಲಿ."

"ಅವ್ರಿಗೆ ಅದು ಬರಲ್ಲ, ಅತ್ತಿಗೆ."

"ನಂಗೇನು ಹುಟ್ಟಿದಾಗ್ಲಿಂದ ಬರ್ತಿತ್ತಾ? ಹೇಳ್ಕೊಡ್ತೀನಿ ಕಣೋ."

ಹಿಂದಿ, ತೆಲುಗು, ಕನ್ನಡ ಕಲಸಿ ಅತ್ತಿಗೆ ವಿಡಿಯೊ ಕರೆಯಲ್ಲಿ ಪಾಠ ಶುರುಮಾಡಿದರು. ಕೋಣೆ ತಂಪಾಗಿ ತೇವವಾಗಿರಲೆಂದು ಗೋಡೆಗೆ ಒದ್ದೆ ಗೋಣಿ ಕಟ್ಟುವುದನ್ನು, ಎಲ್ಲ ಒಟ್ಟಿಗೆ ಒಡೆಯಲೆಂದು ಕೊನೆಯ ಎರಡು ದಿನ ಮೊಟ್ಟೆಗೆ ಕಪ್ಪು ಬಟ್ಟೆ ಮುಚ್ಚುವುದನ್ನು ಮಾಡಿ ತೋರಿಸಿದರು. ಗೌನಿಪಲ್ಲಿಯಿಂದ ಕೆಲಸಕ್ಕೆ ಬರುವ ಹೆಂಗಸು ಫೋನ್ ಹಿಡಿದು ನಿಂತು, ನಗು ತಡೆಯಲಾರದೆ ಕೈ ಅಲ್ಲಾಡಿಸುತ್ತಿದ್ದಳು.

ಮೊದಲ ಸಲ ಅಲ್ಲಿ ಒಂದಿಷ್ಟು ಇಂದು, ಒಂದಿಷ್ಟು ನಾಳೆ ಎಂಬಂತೆ ಒಡೆದವು. ಎರಡನೆಯ ಸಲ ಒಟ್ಟಿಗೆ ಒಡೆದವು. ಆದರೂ ಅವರು ಮೊದಲಿನ ಅರ್ಧದಷ್ಟು ಮಾತ್ರ ನಮ್ಮಿಂದ ತರಿಸಿಕೊಂಡರು. ಉಳಿದದ್ದು ನೇರ ವಿಮಾನವಿರುವ ಊರಿನಿಂದಲೇ. ನನಗೆ ಬೇಸರವಾಯಿತು. ಅವರ ಜಾಗದಲ್ಲಿ ತಾನಿದ್ದರೂ ಹಾಗೇ ಮಾಡುತ್ತಿದ್ದೆ ಎಂದರು ಅತ್ತಿಗೆ.

ಕೋಠಿಯ ಒಂದು ಕೋಣೆ ಕೆಲವು ತಿಂಗಳು ಖಾಲಿ ಬಿತ್ತು. ಈಗ ಅಲ್ಲಿ ಮರಿಹುಳು ಸಾಕಿ ಸುತ್ತಲಿನ ರೈತರಿಗೆ ಕೊಡುತ್ತೇವೆ. ಈಶಾನ್ಯದಾಕೆ ಈಗಲೂ ಆಗಾಗ ಫೋನ್ ಮಾಡುತ್ತಾರೆ. ಮಳೆಗಾಲದಲ್ಲೂ ಗೋಣಿ ಒದ್ದೆ ಮಾಡಬೇಕೇ ಎಂದು ಮೊನ್ನೆ ಕೇಳಿದರು. ಬೇಡವೆಂದು ಹೇಳಿ, ಅತ್ತಿಗೆ ಆಕೆಯ ಮಗಳ ಪರೀಕ್ಷೆಯ ವಿಷಯ ವಿಚಾರಿಸಿದರು.