ಗುಂಜಿ ಹಳ್ಳದ ಇಕೋ

ಗುಂಜಿಯ ಕಾಡುಹಾದಿಯಲ್ಲಿ, ಹಳ್ಳದ ಮುಂದೆ ನಮ್ಮ ಜೀಪು ನಿಂತಿದೆ. ಕೊಡ ಹಿಡಿದ ಹೆಂಗಸೊಬ್ಬಳು ಅಡ್ಡ ನಿಂತು ಸರಿಯುತ್ತಿಲ್ಲ. ಅವಳ ಸೀರೆ ಹಸಿರು. ಬೆಳಗಾವಿ ಮುಟ್ಟುವಷ್ಟರಲ್ಲಿ ನೆನಪು ಬಣ್ಣ ಬದಲಿಸೀತು, ಅದಕ್ಕೇ ಇಲ್ಲೇ ಬರೆಯುತ್ತಿದ್ದೇನೆ.

“ಕಾಕೂ, ಬಾಜೂಕ ಸರೀರಿ. ಬೋರ್ಡ್ ನೋಡ್ರಿ, ಇಕೋ ಟೂರಿಸಂ ಗಾಡಿ ಐತಿ,” ಎಂದ ಚಾಲಕ.

“ಇಕೋ ಅಂದ್ರ ‘ತಗೋ’ ಅಂತಲ್ಲೋ? ನಾ ಕೊಟ್ಟೇ ಇಲ್ಲ, ನೀ ಹೆಂಗ ತಗೋತಿ? ಕೆಳಗ ನಮ್ಮೂರು ಇದೇ ನೀರು ಕುಡೀತೈತಿ. ನಿನ್ನ ಗಾಲಿ ತೊಳದದ್ದು ನಾವ್ಯಾಕ ಕುಡೀಬೇಕು? ಕಾಡು ನೋಡಾಕ ಇವರಿಗೆ ಕಾಲಿಲ್ಲೇನು?”

ನಾವು ಇಳಿದೆವು. ಚಾಲಕ ಹಟಕ್ಕೆ ಬಿದ್ದು ಹಾರ್ನ್ ಒತ್ತಿದ. ಅವಳು ಕೊಡ ಇಳಿಸಿ, ಜೀಪಿಗೆ ಬೆನ್ನು ಹಾಕಿ ಹಾದಿಯಲ್ಲೇ ಕುಳಿತಳು.

“ಹೊಡಿ, ಹೊಡಿ. ಮಂಗ್ಯಾಗೋಳು ಓಡ್ತಾವ. ನಾ ಏಳೂದಿಲ್ಲ.”